ಗೋವರ್ಧನ ಕೆಳಗಿಳಿದ ಸಂಜೆ

ಗಣಪತಿಯ ಆರತಿ ನಡೆದಿದ್ದಾಗ ಗೋವರ್ಧನ ಗಿರಿ ತಾನಾಗಿ ಇಳಿಯತೊಡಗಿದ್ದನ್ನು ಮೊದಲು ಕಂಡವನು ಭಿಕೋಬಾ ಗವ್ಹಾಣೆ. ಆ ಗುಡ್ಡವನ್ನು ಕಟ್ಟಿದವನೂ ಅವನೇ. ಕಂಡದ್ದನ್ನು ಅವನಿಗೆ ನಂಬಲಾಗಲಿಲ್ಲ. ಅವನು ಮಾಡಿದ ಕೆಲಸ ಕೈಕೊಟ್ಟಿತೆಂದು ಕಾರ್ಖಾನೆಗಳ ಊರಾದ ಭೋಸರಿಯಲ್ಲಿ ಅದುವರೆಗೆ ಯಾರೂ ಹೇಳಿರಲಿಲ್ಲ.

ತಲೆ ಕಪ್ಪಗಿದ್ದಾಗ ಸೇರಿದ ಕಾರ್ಖಾನೆಯಲ್ಲೇ ಅವನ ತಲೆ ಬೆಳ್ಳಗಾಗಿತ್ತು. ಅಲ್ಲಿ ಆಕ್ಚುಯೇಟರ್ ಮಾಡುತ್ತಾರೆ. ನೋಡಲು ಒಂದು ಉಕ್ಕಿನ ಕೊಳವೆ, ಮಗ್ಗುಲಲ್ಲಿ ಮೋಟಾರು. ಮೋಟಾರು ತಿರುಗಿದರೆ ಒಳಗಿನ ಸ್ಕ್ರೂ ತಿರುಗುತ್ತದೆ. ಸ್ಕ್ರೂ ತಿರುಗಿದಂತೆ ಅದರ ಮೇಲಿನ ನಟ್ಟು ಮುಂದಕ್ಕೆ ಸರಿಯುತ್ತದೆ, ನಟ್ಟಿಗೆ ಕೂಡಿಸಿದ ದಂಡ ಕೊಳವೆಯಿಂದ ಹೊರಗೆ ಬಂದು ಎದುರಿಗಿದ್ದದ್ದನ್ನು ನೂಕುತ್ತದೆ. ಸಕ್ಕರೆ ಕಾರ್ಖಾನೆಯ ಕಬ್ಬಿಣದ ಬಾಗಿಲನ್ನೂ ಅದು ಎತ್ತುತ್ತದೆ, ಆಸ್ಪತ್ರೆಯ ಮಂಚವನ್ನೂ ಎತ್ತುತ್ತದೆ. ಧೂಳು, ನೀರು ಒಳಗೆ ಹೋಗದಂತೆ ಬಾಯಿಗೆ ಸೀಲು ಕೂಡಿಸುವುದು ಭಿಕೋಬಾನ ಪಾಲಿನ ಕೆಲಸ. ಕೊನೆಗೊಮ್ಮೆ ಕೊಳವೆಗೆ ಕಿವಿ ಹಚ್ಚಿ, ಸದ್ದು ಸರಿಯಿದ್ದರೆ ಮಾತ್ರ ಮುಂದೆ ಕಳಿಸುತ್ತಿದ್ದ.

"ಮನಿಯಾಗ ನಳ ಸೋರಿ ಸೋರಿ ಬಚ್ಚಲ ಪಾಚಿಗಟ್ಟೈತಿ. ಮಂದೀ ಯಂತ್ರ ಮಾತ್ರ ಸೋರಬಾರದು ನಿಮಗ," ಎಂದು ಹೆಂಡತಿ ಹೌಸಾಬಾಯಿ ಚುಚ್ಚುತ್ತಿದ್ದಳು.

"ನಳ ನಾ ಮಾಡಿದ್ದಲ್ಲ," ಎನ್ನುತ್ತಿದ್ದ ಅವನು.

ಗಲ್ಲಿಯ ಗಣಪತಿ ಮಂಡಳದವರು ಪ್ರತಿ ವರ್ಷ ಮೂರ್ತಿಯ ಮಗ್ಗುಲಲ್ಲಿ ಪುರಾಣದ ಒಂದು ಚಲಿಸುವ ದೃಶ್ಯ ನಿಲ್ಲಿಸುತ್ತಾರೆ. ಅದರ ಯಂತ್ರವೆಲ್ಲ ಭಿಕೋಬಾನದೇ. ಈ ವರ್ಷ ಕೃಷ್ಣ ಗೋವರ್ಧನ ಎತ್ತುವ ದೃಶ್ಯ. ಗುಡ್ಡ ಕಬ್ಬಿಣದ ಚೌಕಟ್ಟಿನದು, ಮೇಲೆ ಹಲಗೆ, ಅದರ ಮೇಲೆ ಗಾರೆ. ಅದರ ಕೆಳಗೆ ಗೋಪಿಯರಾಗಿ ಗಲ್ಲಿಯ ಹೆಂಗಸರೇ ಕೂರುವುದೆಂದು ಮಾತಾಗಿತ್ತು. ಹೌಸಾಬಾಯಿ ಮೊಸರಿನ ಗಡಿಗೆ ಹೊತ್ತ ಗೋಪಿ.

ಮಂಡಳದ ಅಧ್ಯಕ್ಷ ನಾನಾ ಫುಗೆ ಮೊದಲೇ ಹೇಳಿದ್ದ: "ಕಾಕಾ, ಹೋದ ವರ್ಷ ನಿಮ್ಮ ಕುಂಭಕರ್ಣ ಎದ್ದು ಕೂಡೂದ್ರೊಳಗ ಮಂದಿ ವಡಾಪಾವ್ ತಿಂದು ಕೈ ತೊಳಕೊಂಡು ಬಂದ್ರು."

"ಕುಂಭಕರ್ಣ ಹಂಗ ಏಳಾಂವ, ನಾನಾ."

"ಕೃಷ್ಣ ಹಂಗ ಎತ್ತಾಂವಲ್ಲ. ಢೋಲಿಗೆ ಏಟು ಬಿದ್ದ ಕೂಡಲೆ ಗುಡ್ಡ ಮ್ಯಾಲ ಇರಬೇಕು."

ಹಳೆಯ ಆಕ್ಚುಯೇಟರುಗಳ ಸ್ಕ್ರೂ ಒರಟು ಹಲ್ಲಿನದು. ನಿಧಾನ, ಆದರೆ ಕರೆಂಟು ಹೋದರೂ ನಿಂತಲ್ಲೇ ನಿಲ್ಲುತ್ತಿತ್ತು. ಭಾರ ಎಷ್ಟೇ ಒತ್ತಿದರೂ ಅದು ಹಿಂದಕ್ಕೆ ತಿರುಗದು. ಈ ಸಲ ಅವನು ಮಾಲೀಕರನ್ನು ಕೇಳಿ ಹೊಸ ಬಗೆಯವನ್ನು ತಂದ. ಅದರಲ್ಲಿ ಸ್ಕ್ರೂವಿಗೂ ನಟ್ಟಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ಆದ್ದರಿಂದ ಹಗುರ, ಆದ್ದರಿಂದಲೇ ವೇಗ. ಆದರೆ ಏರುವಷ್ಟೇ ಸಲೀಸಾಗಿ ಇಳಿಯುತ್ತದೆ ಕೂಡ. ಕರೆಂಟು ಇರುವವರೆಗೆ ಮೋಟಾರು ಭಾರ ಹಿಡಿದಿರುತ್ತದೆ, ಹೋದರೆ ಭಾರವೇ ದಂಡವನ್ನು ಒಳಕ್ಕೆ ದೂಡುತ್ತದೆ. ಅದಕ್ಕೇ ಒಳಗೊಂದು ಬ್ರೇಕು. ಬ್ರೇಕಿಗೆ ಕರೆಂಟು ಇದ್ದಷ್ಟು ಹೊತ್ತು ಅದು ಬಿಟ್ಟುಕೊಂಡಿರುತ್ತದೆ, ತಪ್ಪಿದ ಕ್ಷಣ ಸ್ಪ್ರಿಂಗು ಗಪ್ಪನೆ ಹಿಡಿಯುತ್ತದೆ.

ಬ್ರೇಕಿನ ಎರಡು ಎಳೆ ತಂತಿಗಳನ್ನು ಭಿಕೋಬಾ ಹತ್ತಿರವೇ ಇದ್ದ ಒಂದು ಲೈನಿಗೆ ಕೂಡಿಸಿದ. ಗುಡ್ಡ ಎತ್ತಿ ನಿಲ್ಲಿಸಿ, ಎಲ್ಲ ಲೈನನ್ನೂ ಒಮ್ಮೆಗೇ ಆರಿಸುವ ಮಂಟಪದ ಮೇನ್ ಸ್ವಿಚ್ಚು ಆರಿಸಿ ನೋಡಿದ, ಗುಡ್ಡ ಕದಲಲಿಲ್ಲ. ಮೂರು ಬಾರಿ ಆರಿಸಿ ನೋಡಿ, ಸಮಾಧಾನದಿಂದ ಮನೆಗೆ ಹೋಗಿ ಉಂಡು ಮಲಗಿದ. ಆಗಿನ್ನೂ ಮೂರ್ತಿ ಬಂದಿರಲಿಲ್ಲ. ಹತ್ತಿರವೇ ಇದ್ದ ಆ ಲೈನು ದೇವರ ದೀಪಗಳದ್ದು.

ದೃಶ್ಯ ತೆರೆದ ಮೊದಲ ಸಂಜೆ ಗಲ್ಲಿ ತುಂಬಿತ್ತು. ಢೋಲಿಗೆ ಏಟು ಬಿತ್ತು, ಗುಡ್ಡ ಎದ್ದಿತು, ಮಂದಿ ಹೋ ಎಂದರು, ಗೋಪಿಯರು ಅದರ ಕೆಳಗೆ ಬಂದು ಕೂತರು. ಅಷ್ಟರಲ್ಲಿ ಆರತಿಯ ಹೊತ್ತಾಯಿತು. ಆರತಿಗೆ ಹಾಡು, ದೃಶ್ಯ ಎಲ್ಲ ನಿಲ್ಲಿಸುವುದು ಅಲ್ಲಿಯ ರೂಢಿ. ದೇವರ ದೀಪ ಮಾತ್ರ ಉರಿಯುತ್ತಿರಬೇಕು. ಮೂರ್ತಿ ಕೂರಿಸಿದ ಮೇಲೆ ವಿಸರ್ಜನೆಯ ತನಕ ಅದನ್ನು ಯಾರೂ ಆರಿಸರು.

"ಗುಡ್ಡ ಮ್ಯಾಲ ಇರ್ಲಿ ಕಾಕಾ, ಚಂದ ಕಾಣತೈತಿ. ದೃಶ್ಯದ್ದು ಬಂದ್ ಮಾಡ್ರಿ," ಎಂದ ನಾನಾ, ಆರತಿ ತಟ್ಟೆ ಕೈಗೆತ್ತಿಕೊಳ್ಳುತ್ತ.

ಭಿಕೋಬಾ ದೃಶ್ಯದ ಸ್ವಿಚ್ಚು ಆರಿಸಿ ಕೈಮುಗಿದ. ತಾಳ, ಚಪ್ಪಾಳೆ ಎದ್ದವು. ಗುಡ್ಡದ ಕೆಳಗಿನ ಹೆಂಗಸರು ಕೂತಲ್ಲೇ ಕಣ್ಣು ಮುಚ್ಚಿ ಕೈಮುಗಿದಿದ್ದರು.

ಅವನ ಕಣ್ಣು ರೂಢಿಯಂತೆ ದಂಡದ ಮೇಲೆ ಹೋಯಿತು. ಹೊಳೆಯುವ ಉಕ್ಕು ಗೇಣುದ್ದ ಕಡಿಮೆಯಾಗಿತ್ತು. ನೋಡುತ್ತಿದ್ದಂತೆ ಇನ್ನಷ್ಟು ಒಳಗೆ ಹೋಯಿತು. ಸದ್ದೇ ಇರಲಿಲ್ಲ. ಬ್ರೇಕು ಯಾಕೆ ಹಿಡಿಯುತ್ತಿಲ್ಲ ಎಂದು ಅವನು ಯೋಚಿಸಲಿಲ್ಲ, ಯೋಚನೆಯೇ ಅವನನ್ನು ಬಂದು ಹೊಡೆಯಿತು. ಎದುರಿಗೆ ದೇವರ ದೀಪ ಉರಿಯುತ್ತಿತ್ತು. ಬ್ರೇಕಿನ ತಂತಿಯೂ ಅದೇ ಲೈನಿನಲ್ಲಿ, ದೀಪ ಉರಿಯುತ್ತಿರುವಷ್ಟು ಹೊತ್ತು ಬ್ರೇಕು ಹಿಡಿಯದು.

ಕೂಗಿದ. ತಾಳದಲ್ಲಿ ಕೂಗು ಮುಳುಗಿತು. ದೃಶ್ಯದ ಸ್ವಿಚ್ಚು ಮತ್ತೆ ಹಾಕಲು ಹೋದ ಕೈ ಅರ್ಧಕ್ಕೇ ನಿಂತಿತು. ಕರೆಂಟು ಬಂದ ಕೂಡಲೆ ಗುಡ್ಡ ಮೊದಲು ತಳಕ್ಕಿಳಿದು ಆಮೇಲೆ ಏರುವಂತೆ ಹೊಂದಿಸಿದವನು ಅವನೇ. ಉಳಿದದ್ದು ಪಕ್ಕದ, ಯಾರೂ ಮುಟ್ಟದಿರಲೆಂದು ಕೆಂಪು ದಾರ ಕಟ್ಟಿದ ಸ್ವಿಚ್ಚು. ಬುದ್ಧಿ ಬಂದಾಗಿನಿಂದ ಚತುರ್ಥಿಯ ಉಪವಾಸ ತಪ್ಪಿಸದ ಭಿಕೋಬಾ ದೇವರ ದೀಪ ಆರಿಸಿದ.

ಕತ್ತಲಾಯಿತು. ತಾಳ ನಿಂತವು. ನಾನಾನ ತಟ್ಟೆಯ ಬತ್ತಿ ಒಂದೇ ಉರಿಯುತ್ತಿತ್ತು.

"ದೇವರ ದೀಪ ಆರಿಸಿದಾಂವ ಯಾರಂವಾ?" ನಾನಾ ಕೂಗಿದ. "ಹಚ್ಚ್ರಿ ಮೊದಲ."

ಯಾರೋ ಬೋರ್ಡಿನ ಕಡೆ ಬಂದರು. ಭಿಕೋಬಾ ಎರಡೂ ಕೈ ಚಾಚಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತ. "ಹಚ್ಚಬ್ಯಾಡ್ರಿ. ಕಾಲು ಬೀಳತೀನಿ, ಯಾರೂ ಹಚ್ಚಬ್ಯಾಡ್ರಿ."

"ತಲಿ ಕೆಟ್ಟೈತೇನು ಕಾಕಾ ನಿಮಗ?"

"ಕೆಳಗ ನೋಡೊ, ನಾನಾ."

ನಾನಾ ತಟ್ಟೆ ತಿರುಗಿಸಿದ. ಗುಡ್ಡದ ಕಬ್ಬಿಣದ ಅಂಚು ಹೌಸಾಬಾಯಿಯ ತಲೆಯ ಮೇಲಿನ ಗಡಿಗೆಯನ್ನು ಒಡೆದು ಅಲ್ಲೇ ನಿಂತಿತ್ತು. ಮೊಸರು ಅವಳ ಹಣೆ, ಮೂಗು, ಗಲ್ಲದ ಮೇಲೆ ಇಳಿಯುತ್ತಿತ್ತು. ಅವಳು ಮುಗಿದ ಕೈ ಬಿಟ್ಟಿರಲಿಲ್ಲ, ಕಣ್ಣೂ ತೆರೆದಿರಲಿಲ್ಲ.

"ಯಾರದು ನನ್ನ ಗಡಿಗಿ ಒತ್ತಿದಾಂವ?" ಎಂದಳು. "ಆರತಿ ಮುಗೀಲಿ, ತೋರಸ್ತೀನಿ."

ಯಾರೂ ನಗಲಿಲ್ಲ. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ತೆವಳಿಸಿ ಹೊರಗೆ ತೆಗೆದರು. ಮಂಟಪದ ತೊಲೆಗಳನ್ನು ತಂದು ಗುಡ್ಡಕ್ಕೆ ಆನಿಸಿದರು. ಒಬ್ಬ ಮುದುಕ ಮಾತ್ರ, "ಏನೇ ಆಗ್ಲಿ, ಉರಿಯೂ ದೀಪ ಆರಿಸಬಾರದಿತ್ತು," ಎಂದು ಗೊಣಗುತ್ತಲೇ ಇದ್ದ.

"ತಪ್ಪು ನಂದು," ಎಂದ ಭಿಕೋಬಾ. "ಬ್ರೇಕಿನ ತಂತಿ ದೇವರ ಲೈನಿಗೆ ಕೊಟ್ಟಿದ್ದೆ. ಎಲ್ಲಾ ಆರಿಸಿ ನೋಡಿದ್ದೆ. ಇದೊಂದು ಆರೂದಿಲ್ಲ ಅನ್ನೂದು ಹೊಳೀಲೇ ಇಲ್ಲ." ಹೇಳುತ್ತ ಹೇಳುತ್ತ ಅವನಿಗೇ ಅದು ಬೇರೆ ಯಾರದೋ ಮಾತೆನಿಸಿತು.

ನಾನಾ ಹೋಗಿ ಮೂರ್ತಿಯ ಮುಂದೆ ನಿಂತು, ಕತ್ತಲಲ್ಲೇ ಆ ಒಂದು ಬತ್ತಿಯಲ್ಲಿ ಆರತಿ ಮುಗಿಸಿದ. ಚಪ್ಪಾಳೆ ಮೆಲ್ಲಗಿದ್ದವು.

ಭಿಕೋಬಾ ಟಾರ್ಚಿನ ಬೆಳಕಿನಲ್ಲಿ ಆ ಎರಡು ತಂತಿ ಬಿಚ್ಚಿದ. ಇನ್ನು ದೀಪ ಹಚ್ಚಿದರೂ ಬ್ರೇಕು ಬಿಡುವಂತಿರಲಿಲ್ಲ, ತೊಲೆಗಳೂ ಇದ್ದವು.

"ಹಚ್ಚ್ರಿ ಕಾಕಾ," ಎಂದ ನಾನಾ. "ನೀವೇ ಆರಿಸೀರಿ, ನೀವೇ ಹಚ್ಚ್ರಿ."

ಭಿಕೋಬಾನ ಕೈ ಸ್ವಿಚ್ಚಿನ ತನಕ ಹೋಗಿ ಅಲ್ಲೇ ನಿಂತಿತು.

"ಸರೀರಿ ಅತ್ತಾಗ," ಎಂದು ಹೌಸಾಬಾಯಿ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡರೂ ಹುಬ್ಬಿನಲ್ಲಿ ಮೊಸರು ಉಳಿದಿತ್ತು. ದೇವರಿಗೊಮ್ಮೆ ಕೈಮುಗಿದು, ಸ್ವಿಚ್ಚು ಹಾಕಿದಳು.

ದೀಪ ಬಂತು. ಮಂದಿಯೆಲ್ಲ ಗಣಪತಿಯ ಕಡೆ ತಿರುಗಿ ಕೈ ಮೇಲೆತ್ತಿದರು. ಭಿಕೋಬಾ ಒಬ್ಬನೇ ಗುಡ್ಡದ ಕಡೆ ಮುಖ ಮಾಡಿ, ರೆಪ್ಪೆ ಬಡಿಯದೆ ಆ ಉಕ್ಕಿನ ದಂಡವನ್ನು ನೋಡುತ್ತ ನಿಂತಿದ್ದ. ಹೌಸಾಬಾಯಿ ಅವನ ರಟ್ಟೆ ಹಿಡಿದಳು. ತಿರುಗಿಸಲು ಹೋಗಲಿಲ್ಲ. ಅವನು ನೋಡಿ ಮುಗಿಸುವವರೆಗೆ ಹಾಗೇ ಹಿಡಿದುಕೊಂಡು ನಿಂತಳು.