ಎರಡು ಬಟ್ಟೆ ಕ್ಲಿಪ್ಪು, ಏಳು ರಾತ್ರಿಯ ಹಡಗು

ಆಂಟಿಯ ಬೂದುಬಣ್ಣದ ಕಾರ್ಡಿಗನ್ನಿನ ಅಂಚಿನಲ್ಲಿ ಯಾವಾಗಲೂ ಎರಡು ಮರದ ಬಟ್ಟೆ ಕ್ಲಿಪ್ಪುಗಳು ಕಚ್ಚಿಕೊಂಡಿರುತ್ತಿದ್ದವು. ಒಂದರ ಮೇಲೆ ಅರಿಶಿನದ ಕಲೆ. ಅಂಗಡಿಗೆ ಹೋದಾಗಲೂ ಅವು ಅಲ್ಲೇ, ಡಾಕ್ಟರ ಮುಂದೆ ಕುಳಿತಾಗಲೂ ಅಲ್ಲೇ. ಯಾಕೆಂದು ಕೇಳಿದರೆ, "ಚಿಪ್ಸ್ ಪ್ಯಾಕೆಟ್‌ಗೆ ಒಂದು, ಕರ್ಟನ್‌ಗೆ ಒಂದು" ಅನ್ನುತ್ತಿದ್ದರು. ನಿಜವಾದ ಕಾರಣ ನನಗೆ ತಿಳಿದದ್ದು ಹಡಗಿನ ಊಟದ ಮೇಜಿನಲ್ಲಿ.

ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ ನಮ್ಮದು ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಆಂಟಿ ಮತ್ತು ಅಂಕಲ್ ಗೋಡೆಯಾಚೆಯವರು, ಮೂಲ ಮೈಸೂರು. ಅವರಿಬ್ಬರ ನಡುವೆ ಉರ್ದು. ನಾನು ಒಳಗೆ ಕಾಲಿಟ್ಟರೆ ಮಾತು ಕನ್ನಡಕ್ಕೆ ತಿರುಗುತ್ತಿತ್ತು. ಅಂಕಲ್ ಎಂಜಿನಿಯರು, ಮಾತು ಕಡಿಮೆ. ಆಂಟಿ ಆಸ್ಪತ್ರೆಯೊಂದರ ಸ್ಟೋರ್‌ರೂಮಿನಲ್ಲಿ ವರ್ಷಗಟ್ಟಲೆ ದುಡಿದು ನಿವೃತ್ತರಾದವರು. ಯಾವ ಪೆಟ್ಟಿಗೆಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಅವರು ಕಣ್ಣಳತೆಯಲ್ಲೇ ಹೇಳುತ್ತಿದ್ದರು.

2021ರಲ್ಲಿ ಅಂಕಲ್‌ಗೆ ಸ್ಟ್ರೋಕ್ ಆಯಿತು. ನಡಿಗೆ ಅರ್ಧ ಮರಳಿತು, ದೂರಕ್ಕೆ ಗಾಲಿಕುರ್ಚಿ ಬೇಕಾಯಿತು. ಮಾತು ಮುಕ್ಕಾಲು ಮರಳಿತು. ಬಲಗೈ ಮತ್ತು ಬಾಯಿಯ ಬಲಬದಿ ಮರಳಲಿಲ್ಲ. ತಿನ್ನುವಾಗ ತುತ್ತು ಜಾರಿ ಅಂಗಿಯ ಮೇಲೆ ಬೀಳುತ್ತಿತ್ತು. ಅವರು ಜನರೆದುರು ಉಣ್ಣುವುದನ್ನು ನಿಲ್ಲಿಸಿದರು. ಮೊದಲು ಮದುವೆಮನೆಗಳು ತಪ್ಪಿದವು. ಆಮೇಲೆ ಈದ್ ದಿನ ಮನೆಗೇ ಬಂದವರ ಜತೆ ಕೂರುವುದೂ ತಪ್ಪಿತು. ತಟ್ಟೆ ಒಳಕೋಣೆಗೆ ಹೋಗುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು.

ಎರಡು ವರ್ಷ ಆಂಟಿ ಇದನ್ನು ನೋಡಿದರು. ಒಂದು ಬೆಳಗ್ಗೆ ನಮ್ಮ ಬಾಗಿಲಲ್ಲಿ ನಿಂತು, "ಬಾಲ್ಟಿಮೋರ್‌ನಿಂದ ಕ್ರೂಸ್ ಬುಕ್ ಮಾಡ್ದೆ. ನೀನೂ ಮಗಳೂ ಬರ್ಬೇಕು" ಎಂದರು.

"ಅಂಕಲ್ ಒಪ್ಪಿದ್ರಾ ಆಂಟಿ?"

"ಹಡಗಿಗೆ ಒಪ್ಪಿದ್ದಾರೆ. ಊಟದ ಟೇಬಲ್ ವಿಷ್ಯ ಇನ್ನೂ ಎತ್ತಿಲ್ಲ." ದನಿ ತಗ್ಗಿಸಿದರು. "ಏಳು ರಾತ್ರಿ ಅದೇ ಟೇಬಲ್, ಅದೇ ವೇಟರ್. ಸುತ್ತ ಕೂತಿರೋರು ಯಾರೂ ನಮ್ಮೋರಲ್ಲ, ಮತ್ತೆ ಸಿಗೋದೂ ಇಲ್ಲ. ಮೊದಲನೇ ದಿನ ಆಗ್ಲಿಲ್ಲ ಅಂದ್ರೆ ಇನ್ನೂ ಆರು ಛಾನ್ಸ್ ಇದೆ."

ಖರ್ಚಿನ ವಿಷಯದಲ್ಲಿ ಅವರು ಬಿಗಿ. ವಿಮಾನ ಬೇಡ, ಕಾರಿನಲ್ಲಿ ತಲುಪುವ ಬಂದರೇ ಸಾಕು. ಬಾಲ್ಕನಿ ಕೋಣೆ ಬೇಡ, "ಕಣ್ಣು ಮುಚ್ಚಿಕೊಂಡು ಮಲಗೋಕೆ ಸಮುದ್ರ ಯಾಕೆ, ಮೇಲೆ ಡೆಕ್ಕಲ್ಲಿ ಪುಕ್ಕಟೆ ಇದ್ಯಲ್ಲ." ಗಾಲಿಕುರ್ಚಿ ಹಿಡಿಯುವ ಕೋಣೆಗೆ ವೆಬ್‌ಸೈಟನ್ನು ನಂಬದೆ, ತಿಂಗಳುಗಳ ಮೊದಲೇ ಫೋನ್ ಮಾಡಿ ಕೇಳಿದ್ದರು. ದರ ಮಾಮೂಲಿ ಕೋಣೆಯದೇ, ಆದರೆ ಬಾಗಿಲು ಅಗಲ, ಬಚ್ಚಲಿನಲ್ಲಿ ಹಿಡಿಕೆ. ಅಂಥ ಕೋಣೆಗಳು ಕೆಲವೇ ಇರುವುದರಿಂದ ತಡಮಾಡಿದವರಿಗೆ ಸಿಗುವುದಿಲ್ಲ. ಡ್ರಿಂಕ್ಸ್ ಪ್ಯಾಕೇಜ್ ಎಂದ ಏಜೆಂಟಿಗೆ, "ನಾವು ಕುಡಿಯೋದು ನೀರು, ಟೀ. ಎರಡೂ ಊಟದ ಜತೇಲೇ ಬರುತ್ತೆ" ಎಂದು ಉತ್ತರ ಹೋಗಿತ್ತು.

ಹೊರಡುವ ಎರಡು ದಿನ ಮೊದಲು ನಮ್ಮ ಸೂಟ್‌ಕೇಸುಗಳ ತಪಾಸಣೆ ನಡೆಯಿತು. ನನ್ನ ಏಳು ದಿನದ ಏಳು ಜೊತೆ ಬಟ್ಟೆಯಲ್ಲಿ ನಾಲ್ಕನ್ನು ಹೊರಗಿಟ್ಟರು. "ಮೂರು ಜೊತೆ ಸಾಕು. ಒಂದು ಮೈಮೇಲೆ, ಒಂದು ಒಗೆದಿದ್ದು, ಒಂದು ಒಣಗ್ತಿರೋದು." ಹಡಗಿನ ಕೋಣೆಯ ಗೋಡೆ ಕಬ್ಬಿಣದ್ದು, ಆಯಸ್ಕಾಂತದ ಕೊಕ್ಕೆ ಅಂಟುತ್ತದೆ, ಹಗ್ಗ ಕಟ್ಟಿ ಒಣಗಿಸಬಹುದು ಎಂದು ನಾಲ್ಕು ಕೊಕ್ಕೆ ಕೊಟ್ಟರು. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಮಾತ್ರೆ, ಮಗಳ ಈಜುಡುಗೆ ಕೈಚೀಲಕ್ಕೆ ಬಂದವು. ದೊಡ್ಡ ಸೂಟ್‌ಕೇಸನ್ನು ಬಂದರಿನ ಬಾಗಿಲಲ್ಲೇ ಕೂಲಿಯವರು ಒಯ್ಯುತ್ತಾರೆ, ಅದು ಕೋಣೆ ಸೇರುವಾಗ ಸಂಜೆ. "ಇಳಿಯೋ ಹಿಂದಿನ ರಾತ್ರೀನೂ ಹಾಗೇ, ಪೆಟ್ಟಿಗೆ ಹೊರಗಿಡ್ಬೇಕು. ಬೆಳಗ್ಗೆ ಉಟ್ಕೊಳ್ಳೋಕೆ ಒಂದು ಜೊತೆ ತೆಗೆದಿಟ್ಕೋ. ಪೈಜಾಮಾದಲ್ಲಿ ಇಳಿದವರನ್ನ ನಾನು ನೋಡಿದೀನಿ."

ಅವರ ತಪಾಸಣೆ ಮುಗಿದ ಮೇಲೆ ನಾನು ಸಣ್ಣದೊಂದು ರೈಸ್ ಕುಕ್ಕರನ್ನು ಟವಲಿನಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿ ಇಟ್ಟೆ. ಏಳು ದಿನ ಮೊಸರನ್ನವಿಲ್ಲದೆ ಹೇಗೆ ಎಂಬುದು ನನ್ನ ಚಿಂತೆ. ಹಡಗು ಹತ್ತಿದ ಸಂಜೆ ಎಲ್ಲರ ಪೆಟ್ಟಿಗೆಗಳೂ ಬಂದವು, ನನ್ನದು ಬರಲಿಲ್ಲ. ಬಿಸಿ ಮಾಡುವ ಯಾವ ಸಾಧನಕ್ಕೂ ಹಡಗಿನಲ್ಲಿ ಅವಕಾಶವಿಲ್ಲ. ಕೆಳಗಿನ ಅಂತಸ್ತಿನಲ್ಲಿ, ಸಾರಾಯಿ ಬಾಟಲಿ ಬಚ್ಚಿಟ್ಟು ಸಿಕ್ಕಿಬಿದ್ದವರ ಸಾಲಿನಲ್ಲಿ ನಿಂತು, ಕುಕ್ಕರನ್ನು ಭದ್ರತಾ ಸಿಬ್ಬಂದಿಗೆ ಒಪ್ಪಿಸಿ, ಪೆಟ್ಟಿಗೆ ಬಿಡಿಸಿಕೊಂಡು ಬಂದೆ.

"ಅಷ್ಟು ದೊಡ್ಡ ಅಡುಗೆಮನೆ ಇರೋ ಹಡಗಿಗೆ ನೀನು ಕುಕ್ಕರ್ ತಂದ್ಯಾ?" ಆಂಟಿ ನಕ್ಕು ನಕ್ಕು ಹಾಸಿಗೆಯ ಮೇಲೆ ಕುಳಿತರು. ವೇಟರನಿಗೆ ಹೇಳಿ ಅನ್ನ, ಮೊಸರು ತರಿಸಿದವರೂ ಅವರೇ.

ಆ ಮೊದಲ ಸಂಜೆ ಅಂಕಲ್ ಕೋಣೆಯಲ್ಲೇ ಉಳಿದರು. ಆಂಟಿ ಅವರಿಗೆ ಕೋಣೆಗೇ ಊಟ ತರಿಸಿಕೊಟ್ಟು ನಮ್ಮ ಮೇಜಿಗೆ ಬಂದರು. ನಾಲ್ಕನೆಯ ಕುರ್ಚಿಯನ್ನು ತೆಗೆಯಲು ಬಂದ ವೇಟರನನ್ನು ತಡೆದು, "ಇರ್ಲಿ, ಬರ್ತಾರೆ" ಎಂದು ಅವನಿಗೆ ಕನ್ನಡದಲ್ಲೇ ಹೇಳಿದರು. ಅವನಿಗೆ ಅರ್ಥವಾಯಿತು. ಎರಡನೆಯ ಸಂಜೆಯೂ ಕುರ್ಚಿ ಖಾಲಿ. ಆಂಟಿ ಸೂಪನ್ನು ಅರ್ಧಕ್ಕೇ ಬಿಟ್ಟರು.

ಮೂರನೆಯ ದಿನ ಹಡಗು ಬಂದರಿನಲ್ಲಿ ನಿಂತಿತು. ಎಲ್ಲರೂ ಇಳಿದು ಸುತ್ತಾಡಲು ಹೋದರು. ಆಂಟಿ ಇಳಿಯಲಿಲ್ಲ. ಜನ ಇಳಿದ ಹಡಗಿನಲ್ಲಿ ಲಿಫ್ಟಿಗೂ ಕಾಯಬೇಕಿಲ್ಲ, ದುಡ್ಡೂ ಖರ್ಚಿಲ್ಲ ಎಂಬುದು ಅವರ ಲೆಕ್ಕ. ಆ ಬಿಡುವಿನಲ್ಲಿ ಅಂಕಲ್‌ನ ಗಾಲಿಕುರ್ಚಿ ತಳ್ಳಿಕೊಂಡು ಖಾಲಿ ಊಟದ ಹಾಲಿಗೆ ಹೋಗಿ, ಅವರನ್ನು ಆ ನಾಲ್ಕನೆಯ ಕುರ್ಚಿಯಲ್ಲಿ ಕೂರಿಸಿದರಂತೆ. ಅಂಕಲ್ ಹತ್ತು ನಿಮಿಷ ಕುಳಿತು, "ಕುರ್ಚಿ ಚೆನ್ನಾಗಿದೆ" ಎಂದರಂತೆ.

ಸಂಜೆ ಅಂಕಲ್ ಊಟಕ್ಕೆ ಬಂದರು. ಸೂಪು ಬಂತು. ಅಂಕಲ್ ಚಮಚ ಮುಟ್ಟಲಿಲ್ಲ. ಪಕ್ಕದ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬದ ಗದ್ದಲ. ಆಂಟಿ ಕಾರ್ಡಿಗನ್ನಿನಿಂದ ಒಂದು ಕ್ಲಿಪ್ಪು ತೆಗೆದು, ನ್ಯಾಪ್‌ಕಿನ್ನನ್ನು ತಮ್ಮದೇ ಕುರ್ತಾದ ಕೊರಳಿಗೆ ಸಿಕ್ಕಿಸಿಕೊಂಡರು.

"ಆಂಟಿ, ಯು ಲುಕ್ ಸೋ ಫನ್ನಿ" ಎಂದಳು ನನ್ನ ಮಗಳು.

"ಫನ್ನಿ ಆದ್ರೇನು, ಕ್ಲೀನಾಗಿರ್ತೀನಿ."

ಅಂಕಲ್ ತಲೆಯೆತ್ತಿದರು. "ಏನಿದು ನಾಟಕ?"

"ನಾಟಕಾನೇ. ಟಿಕೆಟ್ ದುಡ್ಡು ಕೊಟ್ಟಾಗಿದೆ, ನೋಡ್ಕೊಂಡು ಹೋಗಿ."

ಆಂಟಿ ಒಂದು ಚಮಚ ಸೂಪು ಎತ್ತಿದರು. ಅರ್ಧ ನ್ಯಾಪ್‌ಕಿನ್ನಿನ ಮೇಲೆ ಬಿತ್ತು. ಬೇಕೆಂದೇ ಚೆಲ್ಲಿದರೋ, ಕೈತಪ್ಪಿ ಬಿತ್ತೋ, ಎದುರಿಗೇ ಕುಳಿತಿದ್ದರೂ ನಾನು ಖಚಿತವಾಗಿ ಹೇಳಲಾರೆ. "ನೋಡಿದ್ರಾ ರೀ? ಕುರ್ತಾ ಹೊಸದು, ಹಾಳಾಗ್ತಿತ್ತು" ಎಂದರು. ಆ ಕುರ್ತಾ ಹೊಸದಲ್ಲ. ಮೂರು ಜೊತೆಯಲ್ಲಿ ಅದೂ ಒಂದು, ಮೊದಲ ದಿನವೇ ತೊಟ್ಟು ಒಗೆದಿದ್ದರು.

ಅಂಕಲ್ ಎಡಗೈ ಚಾಚಿದರು. "ಇನ್ನೊಂದು ಕೊಡು."

ಕ್ಲಿಪ್ಪನ್ನು ಅವರೇ ಹಾಕಿಕೊಂಡರು. ಸಮಯ ಹಿಡಿಯಿತು, ಆಂಟಿ ಸಹಾಯಕ್ಕೆ ಹೋಗಲಿಲ್ಲ. ಆ ಸಂಜೆ ಸೂಪು, ಮೀನು, ಕೊನೆಗೆ ಐಸ್‌ಕ್ರೀಮು, ಎಲ್ಲವೂ ಮುಗಿದವು. ಎರಡು ವರ್ಷ ಆಂಟಿ ಹೊತ್ತು ತಿರುಗಿದ್ದು ಒಂದಲ್ಲ, ಎರಡು ಕ್ಲಿಪ್ಪು ಏಕೆಂಬುದು ನನಗೆ ಗೊತ್ತಾದದ್ದು ಆಗ. ಉಳಿದ ನಾಲ್ಕು ಸಂಜೆಯೂ ನಾಲ್ಕು ಕುರ್ಚಿ ತುಂಬಿದ್ದವು. ಮನೆಗೆ ಮರಳಿದ ಮೇಲೆ ಈದ್ ಊಟಕ್ಕೆ ಅಂಕಲ್ ಹೊರಗೆ ಬಂದು ಕುಳಿತರು, ಪಕ್ಕದಲ್ಲಿ ಆಂಟಿ, ಇಬ್ಬರ ಕೊರಳಲ್ಲೂ ಕ್ಲಿಪ್ಪು.

ಕಳೆದ ಚಳಿಗಾಲದಲ್ಲಿ ಆಂಟಿ ಹೃದಯಾಘಾತದಿಂದ ತೀರಿಕೊಂಡರು. ದಫನ್ ಮುಗಿದ ಮೇಲೆ ಮಸೀದಿಯವರು, ನೆರೆಯವರು ಊಟ ತಂದರು. ಮನೆ ತುಂಬ ಜನ. ಯಾರೋ ಒಂದು ತಟ್ಟೆಗೆ ಅನ್ನ, ಸಾರು ಬಡಿಸಿ ಒಳಕೋಣೆಯ ಕಡೆಗೆ ಹೊರಟರು. ಅಂಕಲ್ ಅಲ್ಲೇ ಇದ್ದಾರೆ ಎಂದುಕೊಂಡಿದ್ದರು. ನಾನೂ ಹಾಗೆಯೇ ಎಣಿಸಿದ್ದೆ.

ಅಂಕಲ್ ಆಗಲೇ ಮೇಜಿನ ಬಳಿ ನಿಂತಿದ್ದರು. ಆಂಟಿಯ ಕಾರ್ಡಿಗನ್ನು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಅದರ ಅಂಚಿನಿಂದ ಎರಡೂ ಕ್ಲಿಪ್ಪುಗಳನ್ನು ಎಡಗೈಯಲ್ಲಿ ಬಿಡಿಸಿಕೊಂಡು ಕುಳಿತರು. ಒಂದನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ಅರಿಶಿನದ ಕಲೆ ಇದ್ದ ಇನ್ನೊಂದನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು.

"ಹಾಕ್ಕೋ. ಶರ್ಟು ಹೊಸದು, ಹಾಳಾಗುತ್ತೆ."

ನನ್ನ ಶರ್ಟು ಹಳೆಯದು. ಹಾಕಿಕೊಂಡೆ.