ಬೇಟೆಯ ದಾರಿಗೆ ಒಡೆದ ಕುಂಬಳಕಾಯಿ

ಆಫೀಸಿನ ಫಿಕಾದಲ್ಲಿ, ಅಂದರೆ ಕಾಫಿ ವಿರಾಮದಲ್ಲಿ, ಕೇಕ್ ಬಂದಾಗಲೆಲ್ಲ ಮೊಟ್ಟೆ ಹಾಕಿದ್ದಾರೆಯೇ ಎಂದು ವಿಚಾರಿಸಿ ಎಲ್ಲರ ತಲೆ ತಿನ್ನುವ ಮನುಷ್ಯ ನಾನು. ಅಂಥವನು ಜಿಂಕೆ ಬೇಟೆಗೆ ದಾರಿ ಸಿದ್ಧ ಮಾಡಲು ಹೊರಟರೆ ಹೆಂಡತಿ ನಗದೆ ಇನ್ನೇನು ಮಾಡಿಯಾಳು?

ಕಾರಣ ಪಕ್ಕದ ಮನೆಯ ಅಜ್ಜಿ. ಸ್ವೀಡನ್ನಿನ ಶೋವ್ಡೆ ಪಟ್ಟಣದಾಚೆ ಕಾಡಿನ ಅಂಚಿನಲ್ಲಿ ನಾವು ಮನೆ ಕೊಂಡಾಗ ಮೊದಲು ಬಾಗಿಲು ತಟ್ಟಿದವರು ಅವರೇ. ಇಲ್ಲಿ ಎಷ್ಟೇ ಹಿರಿಯರಾದರೂ ಹೆಸರು ಹಿಡಿದೇ ಕರೆಯಬೇಕು. ಬಾಯಲ್ಲಿ ಹೆಸರು, ಮನಸ್ಸಿನಲ್ಲಿ ಅಜ್ಜಿ ಎಂದು ನಾನು ರಾಜಿ ಮಾಡಿಕೊಂಡಿದ್ದೆ. ಆ ವರ್ಷ ಅವರಿಗೆ ಸೊಂಟದ ಕೀಲು ಬದಲಾಯಿಸಿದ್ದರು. ಊರಿನ ಬೇಟೆ ತಂಡದ ನಾಯಕ ಅವರ ಮಗನೇ. "ಅಮ್ಮ, ಇನ್ನು ಕಾಡು ಸಾಕು," ಎಂದುಬಿಟ್ಟಿದ್ದ. ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಕಾಡಿನೊಳಗಿನ ಅದೇ ತಗ್ಗು ಅಟ್ಟಣೆಯಲ್ಲಿ ಬೇಟೆಗೆ ಕೂತವರಿಗೆ ಈ ಮಾತು ಕೇಳಿ ಮೈಯೆಲ್ಲ ಉರಿದಿತ್ತು. ಜಗಳವಾಡಿ ಕೊನೆಗೊಂದು ಒಪ್ಪಂದಕ್ಕೆ ಬಂದರು. ಬೇಟೆ ಶುರುವಾಗುವ ಬೆಳಿಗ್ಗೆ, ಮಗನ ಕಣ್ಣೆದುರು, ಯಾರ ಕೈಯೂ ಹಿಡಿಯದೆ ಅಟ್ಟಣೆಯವರೆಗೆ ನಡೆದರೆ ಸರಿ. ಎಡವಿದರೆ ಬಂದೂಕು ಬೀರುವಿಗೆ, ಶಾಶ್ವತವಾಗಿ.

ಆ ದಾರಿಯೋ, ಬರೀ ಬೇರು, ಕಲ್ಲು, ಬಿದ್ದ ಟೊಂಗೆ. ನಾನು ಸರಿ ಮಾಡಿಕೊಡುತ್ತೇನೆ ಎಂದು ಬಾಯಿ ಹಾಕಿದೆ.

ಬೇಟೆಯ ದಾರಿಯಲ್ಲಿ ಒಣಕಡ್ಡಿಯೂ ಇರಬಾರದು. ಕಾಲಡಿ ಲಟಕ್ಕೆಂದರೆ ಜಿಂಕೆ ಓಟ ಕೀಳುತ್ತದೆ. ಅದಕ್ಕೇ ಟೊಂಗೆ ಕಡಿದು, ಕಲ್ಲು ಕಿತ್ತು, ಬೇರುಗಳ ನಡುವೆ ಮಣ್ಣು ತುಂಬಿ, ಎಲೆಕಡ್ಡಿಯನ್ನೆಲ್ಲ ಬಾಚಿದೆ. ಗಿಡ ಕತ್ತರಿಸುವ ಯಂತ್ರ ಹೆಗಲಿಗೇರಿಸಿದಾಗ ಭಾರಿ ಶೂರನ ಹಾಗೆ ಕಾಣುತ್ತಿದ್ದೇನೆ ಅಂದುಕೊಂಡಿದ್ದೆ. ಫೋಟೋ ನೋಡಿದರೆ ಸೊಳ್ಳೆಗೆ ಹೊಗೆ ಹಾಕಲು ಬಂದ ಪಾಲಿಕೆಯವನ ಹಾಗಿದ್ದೆ.

"ರೀ, ನಮ್ಮನೆ ಗ್ಯಾರೇಜ್ ಒಂದ್ ದಿನಾನಾದ್ರೂ ಹಿಂಗೆ ಕ್ಲೀನ್ ಮಾಡಿದೀರಾ?" ಎಂದಳು ಹೆಂಡತಿ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬೇಟೆಯ ಹಿಂದಿನ ದಿನವೇ ಆಯುಧಪೂಜೆ ಬಿದ್ದಿತ್ತು. ಬೆಂಗಳೂರಿನಲ್ಲಿ ಸ್ಕೂಟರಿಗೂ ಆಫೀಸಿನ ಕಂಪ್ಯೂಟರಿಗೂ ಕುಂಕುಮವಿಟ್ಟು ರೂಢಿಯಾದವನು ನಾನು. ಯಂತ್ರ, ಗರಗಸ, ಕುಂಟೆಗಳಿಗೆಲ್ಲ ಪೂಜೆ ಮಾಡಿದರೂ ತೃಪ್ತಿಯಾಗಲಿಲ್ಲ. ಅಜ್ಜಿಯ ಕಾಲಿಗೆ ಯಾರ ದೃಷ್ಟಿಯೂ ತಾಗದಿರಲಿ ಎಂದು ದಾರಿಗೂ ಒಂದು ಕುಂಬಳಕಾಯಿ ಒಡೆಯಲು ಹೊರಟೆ. ಬೂದುಗುಂಬಳ ಇಲ್ಲೆಲ್ಲಿ ಸಿಗಬೇಕು? ಹ್ಯಾಲೋವೀನ್‌ಗೆಂದು ಅಂಗಡಿಯಲ್ಲಿ ಪೇರಿಸಿಟ್ಟ ಕಾಯಿಯೇ ಗತಿಯಾಯಿತು. ತೂತು ಕೊರೆದು, ಕುಂಕುಮದ ನೀರು ತುಂಬಿ, ಅಟ್ಟಣೆಯಿಂದ ದಾರಿಯ ಬಾಯಿಯವರೆಗೆ ನಿವಾಳಿಸುತ್ತಾ ತಂದು, ನಮ್ಮ ಮನೆಯ ಹಿಂದಿನ ಬಂಡೆಗೆ ಅಪ್ಪಳಿಸಿದೆ. ಉದ್ದಕ್ಕೂ ಅದು ಸೋರುತ್ತಿದ್ದುದು ನನ್ನ ಗಮನಕ್ಕೇ ಬರಲಿಲ್ಲ. ಕಾಲಿನ ಗುರುತು ಉಳಿಯಬಾರದೆಂದು ದಾರಿಯನ್ನು ಆಮೇಲೆ ಇನ್ನೊಮ್ಮೆ ಬಾಚುವಷ್ಟು ಅಚ್ಚುಕಟ್ಟು ಮಾತ್ರ ಇತ್ತು.

ಮರುದಿನ ನಸುಕಿನಲ್ಲಿ ದಾರಿಯ ಬಾಯಲ್ಲಿ ತಂಡ ಸೇರಿತು. ಅಜ್ಜಿ ಬಂದೂಕು ಹೆಗಲಿಗೆ ಹಾಕಿ, ತುಟಿ ಬಿಗಿದು ನಿಂತಿದ್ದರು. ಮಗ ಟಾರ್ಚನ್ನು ನೆಲಕ್ಕೆ ಹಿಡಿದವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಹುಲ್ಲಿನ ಮೇಲೆ ಕೆಂಪು ಹನಿಗಳು.

"ರಕ್ತ," ಎಂದ. "ಯಾರೋ ಕದ್ದು ಹೊಡೆದಿದ್ದಾರೆ."

ಗಾಯಗೊಂಡ ಪ್ರಾಣಿಯನ್ನು ಹುಡುಕದೆ ಇಲ್ಲಿ ಬೇಟೆ ಶುರು ಮಾಡುವಂತಿಲ್ಲ. ವಾಸನೆ ಹಿಡಿಯುವ ನಾಯಿಯನ್ನು ಗಾಡಿಯಿಂದ ಇಳಿಸಿದರು. ನಾನು ಬಾಯಿಬಿಡಬೇಕಿತ್ತು. ಇಷ್ಟೆಲ್ಲವನ್ನು ಸ್ವೀಡಿಷ್‌ನಲ್ಲಿ ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುವಷ್ಟರಲ್ಲಿ ನಾಯಿ ನಮ್ಮ ಮನೆಯ ಕಡೆ ಎಳೆಯಿತು. ಅದರ ಹಿಂದೆ ತಂಡ, ತಂಡದ ಹಿಂದೆ ಕಳ್ಳನ ಹಾಗೆ ನಾನು.

ಬಂಡೆಯ ಹತ್ತಿರ ಬಂದದ್ದೇ ನಾಯಿ ಕುಂಬಳಕಾಯಿ ತಿನ್ನತೊಡಗಿತು. ಎಲ್ಲರೂ ನನ್ನತ್ತ ತಿರುಗಿದರು.

"ನಮ್ಮ ಹಬ್ಬ," ಎಂದೆ. "ಕೆಲಸದ ಸಾಮಾನಿಗೆ ಪೂಜೆ. ಆಮೇಲೆ... ದಾರಿಗೂ."

"ದಾರಿಗೆ ಯಾಕೆ?" ಎಂದ ಮಗ.

"ನಿನ್ನ ಅಮ್ಮ ಎಡವಬಾರದು ಅಂತ."

ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೆಳಕು ಹರಿಯುತ್ತಿತ್ತು, ಬೇಟೆಯ ಒಳ್ಳೆಯ ಹೊತ್ತು ಕಳೆಯುತ್ತಿತ್ತು. ಆ ಮುದುಕಿಗೆ ಸಿಕ್ಕಿದ್ದ ಒಂದೇ ಅವಕಾಶವನ್ನು ನನ್ನ ಕೈಯಾರೆ ಹಾಳು ಮಾಡಿದ್ದೆ.

ಆಗ ಮಗ ಸುತ್ತಲೂ ನೋಡಿ, "ಅಮ್ಮ ಎಲ್ಲಿ?" ಎಂದ.

ನಾವಿಬ್ಬರೂ ಓಡಿದೆವು. ದಾರಿಯ ಬಾಯಲ್ಲಿ ಅಜ್ಜಿ ಇರಲಿಲ್ಲ. ಒಳಗೆ ನುಗ್ಗಲು ಹೋಗಿ, ನಾನೇ ಮಣ್ಣು ತುಂಬಿದ್ದ ಬೇರಿಗೆ ಕಾಲು ತಾಗಿ ಮುಗ್ಗರಿಸಿದೆ. ಆ ದಾರಿಯಲ್ಲಿ ಅಂದು ಎಡವಿದವನು ನಾನೊಬ್ಬನೇ. ಮಗ ನನ್ನನ್ನು ಎತ್ತಲಿಲ್ಲ. ನೆಲ ನೋಡುತ್ತಾ ನಿಂತುಬಿಟ್ಟಿದ್ದ. ಬಾಚಿದ ಮೆತ್ತನೆಯ ಮಣ್ಣಿನಲ್ಲಿ ಅಜ್ಜಿಯ ಬೂಟಿನ ಗುರುತು ಸಾಲಾಗಿ ಮೂಡಿತ್ತು. ಎಲ್ಲೂ ಜಾರಿಲ್ಲ, ಎಳೆದಿಲ್ಲ, ಪಕ್ಕಕ್ಕೆ ವಾಲಿಲ್ಲ. ಅವನು ಒಂದೊಂದನ್ನೂ ನೋಡುತ್ತಾ ಮುಂದೆ ಹೋದ. ನಾನು ಎದ್ದು ಹಿಂಬಾಲಿಸಿದೆ.

ದಾರಿಯ ಕೊನೆಗೆ ಅಟ್ಟಣೆಯಲ್ಲಿ ಅಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನಮ್ಮ ಕಡೆ ತಿರುಗಲೂ ಇಲ್ಲ; ಸದ್ದು ಮಾಡಬೇಡಿ, ಹೋಗಿ ಎಂಬಂತೆ ಕೈ ಬೀಸಿದರು. ಮಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಅಂಚಿನ ಪಾಚಿಯ ಮೇಲಷ್ಟೇ ಕಾಲಿಡುತ್ತಾ, ಅಮ್ಮನ ಒಂದು ಹೆಜ್ಜೆಯನ್ನೂ ತುಳಿಯದೆ, ಹಿಂದಕ್ಕೆ ನಡೆದ.