ಜಾತಕಕ್ಕೆ ಸೇರದ ಊರು

ಹಿಲ್ಸ್‌ಬರೋದ ನಮ್ಮ ಬಳಗದಲ್ಲಿ ಒಬ್ಬರು ಅಂಕಲ್ ಇದ್ದಾರೆ, ರಿಟೈರ್ ಆದ ಇಂಜಿನಿಯರ್. ಯಾರ ಮನೆಗೆ ಊಟಕ್ಕೆ ಬಂದರೂ ಕೈ ತೊಳೆಯುವ ಮೊದಲೇ ಫೋನಿನಲ್ಲಿ ಜಾತಕದ ಆ್ಯಪ್ ತೆರೆದು ಕೂರುತ್ತಾರೆ. ಕಳೆದ ತಿಂಗಳು ನಮ್ಮ ಮನೆಯಲ್ಲಿ, ನಾನು ಬಿಸಿಬೇಳೆಬಾತಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಮೂವರ ಭವಿಷ್ಯ ಮುಗಿಸಿದ್ದರು. ನಾಲ್ಕನೆಯವಳು ನನ್ನ ಹದಿನಾರರ ಮಗಳು.

"ಹುಟ್ಟಿದ್ದೆಲ್ಲಮ್ಮ ನೀನು?"

"ಸಿಡ್ನಿ, ಅಂಕಲ್," ಎಂದು ನಾನೇ ಅಡುಗೆಮನೆಯಿಂದ ಕೂಗಿದೆ. ಹದಿನಾರು ವರ್ಷ ಹೇಳಿಕೊಂಡು ಬಂದ ಸುಳ್ಳು. ಮೈಸೂರಿನ ಜೋಯಿಸರಿಗೂ ಅದನ್ನೇ ಹೇಳಿ ಜಾತಕ ಬರೆಸಿದ್ದೆ.

"ನೋ, ಐ ವಾಸಂಟ್," ಎಂದಳು ಮಗಳು. ಡ್ರೈವಿಂಗ್ ಪರ್ಮಿಟ್‌ಗೆ ಕಾಗದ ಹುಡುಕುವಾಗ ಅವಳಿಗೆ ತನ್ನ ಬರ್ತ್ ಸರ್ಟಿಫಿಕೇಟ್ ಸಿಕ್ಕಿತ್ತು. ಅದರಲ್ಲಿದ್ದ ಊರಿನ ಹೆಸರನ್ನು ಎಲ್ಲರೆದುರು ಹೇಳಿಬಿಟ್ಟಳು.

ಅಂಕಲ್ ಆ್ಯಪಿನಲ್ಲಿ ಹುಡುಕಿದರು. "ಈ ಊರೇ ಬರ್ತಿಲ್ವಲ್ಲಮ್ಮ!" ಕೊನೆಗೆ ಮ್ಯಾಪ್ ನೋಡಿ, ಅಲ್ಲಿ ಸಿಡ್ನಿಗಿಂತ ಸುಮಾರು ಇಪ್ಪತ್ತು ನಿಮಿಷ ತಡವಾಗಿ ಸೂರ್ಯ ಹುಟ್ಟುತ್ತಾನೆಂದು ಲೆಕ್ಕ ಹಾಕಿ, ಮಗಳ ಲಗ್ನವನ್ನೇ ಬದಲಾಯಿಸಿದರು. ಕುಜದೋಷವೂ ಹೋಯಿತು. ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ನಾನು ಮಾಡಿಸಿದ ಪೂಜೆಯೆಲ್ಲ ಬೇರೆ ಯಾವಳೋ ಹುಡುಗಿಗೆ ಸೇರಿರಬೇಕು.

"ಎಂಥಾ ಊರಮ್ಮ ಅದು?" ಎಂದರು ಅಂಕಲ್.

ಕೇಳಿದರಲ್ಲ, ಹೇಳಿದೆ. ಸಿಡ್ನಿಯಿಂದ ಇಡೀ ದಿನ ಒಳನಾಡಿಗೆ ಡ್ರೈವ್ ಮಾಡಿದರೆ ಕೆಂಪು ಮಣ್ಣು, ನೊಣ, ಮತ್ತೆ ನೊಣ, ಆಮೇಲೆ ಡಾರ್ಲಿಂಗ್ ನದಿ. ನದಿಯೆಂದರೆ ಕಾವೇರಿಯನ್ನು ನೆನೆಸಿಕೊಳ್ಳಬೇಡಿ. ಎತ್ತರದ ದಡಗಳ ನಡುವೆ ಆರಿದ ಟೀ ಬಣ್ಣದ ನೀರು. ಮೇಲಿನ ಹತ್ತಿ ಹೊಲಗಳು ಕುಡಿದು ಬಿಟ್ಟಷ್ಟು ಊರಿಗೆ ಬರುತ್ತದೆ, ಮಳೆ ಕೈಕೊಟ್ಟರೆ ಅದೂ ಗುಂಡಿಗಳಲ್ಲಿ ನಿಲ್ಲುತ್ತದೆ. ಒಂದು ಕಾಲದಲ್ಲಿ ಉಗಿದೋಣಿಗಳು ಅಲ್ಲಿಂದ ಕುರಿಯುಣ್ಣೆ ಹೇರಿಕೊಂಡು ಹೋಗುತ್ತಿದ್ದವಂತೆ. ರೈಲು ಬಂತು, ದೋಣಿ ನಿಂತಿತು. ಆಮೇಲೆ ರೈಲೂ ನಿಂತಿತು. ಉಳಿದದ್ದು ದೋಣಿ ನಿಲ್ಲುತ್ತಿದ್ದ ಒಂದು ಮರದ ಕಟ್ಟೆ, ಅದರ ಪಕ್ಕ ಯಾರೂ ಓದದ ಬೋರ್ಡು. ಸಾಮಾನು ಸಾಗಿಸಲು ಪಂಜಾಬ್, ಬಲೂಚಿಸ್ತಾನದ ಕಡೆಯಿಂದ ಒಂಟೆಯವರನ್ನು ಕರೆಸಿದ್ದರು. ಅವರ ತಗಡಿನ ಮಸೀದಿ ಸ್ಮಶಾನದಲ್ಲಿದೆ. ಇವರೆಲ್ಲರಿಗಿಂತ ಎಷ್ಟೋ ಮೊದಲಿನಿಂದ ಇದ್ದ ಮೂಲನಿವಾಸಿಗಳು ಈಗಲೂ ಅಲ್ಲೇ ಇದ್ದಾರೆ, ನದಿಗೆ ಅವರ ಭಾಷೆಯಲ್ಲಿ ಬೇರೆಯೇ ಹೆಸರಿದೆ. ಈ ದೇಶಕ್ಕೆ ಬರುವ ಮೊದಲು, ಅಲ್ಲಿ ನೆಲೆಸುವ ವೀಸಾಕ್ಕೆ ಬೇಕಾದ ಪಾಯಿಂಟ್ಸ್‌ಗಾಗಿ ನನ್ನ ಗಂಡ ಆ ಕೊಂಪೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಔಷಧಿ ಕೊಟ್ಟ.

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಇಂಥದ್ದನ್ನು ನಾನು ಚೆನ್ನಾಗಿ ಹೇಳುತ್ತೇನೆ.

ಮಗಳು ನಗಲಿಲ್ಲ. "ಸೋ, ಹೂ ಡೆಲಿವರ್ಡ್ ಮಿ?"

ಅದನ್ನೂ ಹೇಳಬೇಕಾಯಿತು. ಹೆರಿಗೆಗೆ ಕೆಲವು ವಾರ ಮುಂಚೆಯೇ ಬಸುರಿಯರನ್ನು ದೂರದ ದೊಡ್ಡ ಊರಿಗೆ ಕಳಿಸುವುದು ಅಲ್ಲಿನ ಪದ್ಧತಿ. ನಾನು ಸೋಮವಾರ ಹೊರಡುವುದಿತ್ತು. ಶುಕ್ರವಾರವೇ ಮಳೆ ಹಿಡಿದು ನದಿ ಉಕ್ಕಿತು, ರಸ್ತೆಗಳೆಲ್ಲ ಮುಚ್ಚಿದವು. ಶನಿವಾರ ಮಧ್ಯಾಹ್ನ ಹೆರಿಗೆ ಮಾಡಿಸಿದ್ದು ಆ ನದಿಯ ಮೂಲನಿವಾಸಿಗಳಲ್ಲೇ ಒಬ್ಬರಾದ ವಯಸ್ಸಾದ ನರ್ಸ್. ಆಕೆ ಒಳಗೆ ಬಂದೊಡನೆ ನಾನು ಕೇಳಿದ ಮೊದಲ ಮಾತು, "ಕೈ ತೊಳೆದುಕೊಂಡಿದ್ದೀರಾ?" ಆಕೆ ನನ್ನೆದುರಿಗೇ ಮತ್ತೊಮ್ಮೆ ತೊಳೆದರು. ಮಗು ಹುಟ್ಟಿದ ಮೇಲೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡರು. ಆಮೇಲೆ ಮಗುವನ್ನು ಕಿಟಕಿಗೆ ಒಯ್ದು, ತುಂಬಿದ ನದಿಯನ್ನು ತೋರಿಸಿ, ತಮ್ಮ ಭಾಷೆಯಲ್ಲಿ ಅದರ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಿದರು. ಮಗುವಿಗೆ ಶೀತವಾದೀತು, ಕಿಟಕಿ ಮುಚ್ಚಿ ಎಂದೆ ನಾನು. ಥೂ, ನನ್ನ ಬುದ್ಧಿಗಿಷ್ಟು.

ಅಂಕಲ್ ಫೋನಿನಿಂದ ತಲೆಯೆತ್ತಿ, "ಹಂಗಾದ್ರೆ ಟೈಮ್ ಪಕ್ಕಾ ಅಂತಾಯ್ತು," ಎಂದರು.

"ವಾಟ್ ವಾಸ್ ಹರ್ ನೇಮ್?" ಎಂದಳು ಮಗಳು.

ನನಗೆ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ.

"ನದಿಗೆ ಏನಂದ್ರು ಅವ್ರು?"

ಅದೂ ನೆನಪಿರಲಿಲ್ಲ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡಕ್ಕೆ ಇಳಿದಿದ್ದಾಳೆಂದು ಆಗ ಹೊಳೆಯಿತು. ತಟ್ಟೆ ಎತ್ತಿಕೊಂಡು ಎದ್ದು ನಿಂತು ಅವಳು ಹೇಳಿದಳು:

"ನೊಣ ಮಾತ್ರ ನೆನಪಿದೆ ನಿಂಗೆ."